ಕುರ್ಚಿಯ ಮೇಲೆ ಕಾಲು, ಹೊಟ್ಟೆಯ ಮೇಲೆ ಕೈ

ಡಿಟಿಪಿ ಕೆಲಸಕ್ಕೆ ಇಳಿದು ಹದಿನೆಂಟು ವರ್ಷವಾಯಿತು. ದಿನಕ್ಕೆ ಎಂಟೊಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತೂ ಕೂತೂ ಮೊದಲು ಸೊಂಟ ಹಿಡಿಯಿತು, ಆಮೇಲೆ ಕುತ್ತಿಗೆ, ಕೊನೆಗೆ ನಿದ್ದೆಯೂ ಕೆಟ್ಟಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಎದೆ ಡವಡವ. ಪರೀಕ್ಷೆ ಮಾಡಿದ ವೈದ್ಯರು ಹೃದಯಕ್ಕೇನೂ ಆಗಿಲ್ಲ, ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ, ಜೊತೆಗೆ ಆತಂಕ ಇದೆ ಅಂದರು. ಮಾತ್ರೆ ಬರೆದುಕೊಟ್ಟು, ಯೋಗವನ್ನೂ ಮಾಡಿ ನೋಡಿ ಅಂದರು.

ಮಾಡಿದೆ. ನಲವತ್ತು ಜನರಿದ್ದ ತರಗತಿಗೆ ಸೇರಿ, ಎಲ್ಲರ ಜೊತೆ ಕಾಲು ಚಾಚಿ ಕೂತು ಪಶ್ಚಿಮೋತ್ತಾನಾಸನಕ್ಕೆ ಮುಂದಕ್ಕೆ ಬಗ್ಗಿದೆ. ಹಣೆ ಮಂಡಿಗೆ ತಾಗಲಿ ಅಂತ ಹಿಂದಿನಿಂದ ಬೆನ್ನು ಒತ್ತಿದರು. ಮೂರನೇ ದಿನಕ್ಕೆ ಎಡಗಾಲಿನ ಹೆಬ್ಬೆರಳಿನವರೆಗೂ ನೋವು ಚಳಕು ಹೊಡೆಯಿತು. ಡಿಸ್ಕ್ ಉಬ್ಬಿದವರು ಹಾಗೆ ಬಲವಂತವಾಗಿ ಮುಂದಕ್ಕೆ ಬಾಗಬಾರದಂತೆ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರು ಶೀರ್ಷಾಸನ ಮಾಡಿದರೆ ಕಣ್ಣೊಳಗಿನ ಒತ್ತಡ ಏರುತ್ತದಂತೆ. ಎದುರಿಗಿರುವವರಿಗೆ ಏನಿದೆ ಅಂತ ಒಂದು ಮಾತೂ ಕೇಳದೆ ಆಸನ ಹೇಳಿಕೊಡುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆಮೇಲೆ ಸಿಕ್ಕ ಯೋಗ ಚಿಕಿತ್ಸಕಿ ಮೊದಲ ದಿನ ಒಂದೂ ಆಸನ ಹೇಳಿಕೊಡಲಿಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ಓದಿದರು, ಮಾತ್ರೆಗಳ ಹೆಸರು ಬರೆದುಕೊಂಡರು, "ಇವನ್ನ ನೀವಾಗಿ ನೀವೇ ನಿಲ್ಲಿಸೋ ಹಾಗಿಲ್ಲ, ಡಾಕ್ಟರು ಹೇಳಬೇಕು" ಅಂದರು. ಆಮೇಲೆ ಅಂಗಾತ ಮಲಗಿಸಿ, ಮೀನಖಂಡಗಳನ್ನು ಕುರ್ಚಿಯ ಮೇಲೆ ಇಡಿಸಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ ಅಂದರು. "ಯಾವ ಕೈ ಏಳ್ತಿದೆ?" ಎದೆಯ ಮೇಲಿದ್ದದ್ದು ಮಾತ್ರ. ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಸೊಂಟಕ್ಕೂ ನೆಲಕ್ಕೂ ನಡುವೆ ನನ್ನ ಇಡೀ ಅಂಗೈ ತೂರುತ್ತಿತ್ತು.

ಎರಡು ವಾರ ಬರೀ ಇದೇ ಅಭ್ಯಾಸ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಕಟ್ಟಿ ಹಿಡಿಯುವುದು ಬೇಡವೇ ಬೇಡ ಅಂದಿದ್ದರು. ಇದೆಂಥ ಚಿಕಿತ್ಸೆ ಅಂತ ನನಗೆ ಅನುಮಾನ. ಅದು ಗೊತ್ತಾಗಿ ಅವರು ನನ್ನ ಬೆರಳುಗಳನ್ನು ನನ್ನದೇ ಮಣಿಕಟ್ಟಿನ ನಾಡಿಯ ಮೇಲೆ ಇಡಿಸಿದರು. ಉಸಿರು ಎಳೆದುಕೊಂಡಾಗ ಬಡಿತ ಒಂದರ ಹಿಂದೊಂದು ಬೇಗ ಬೇಗ ಬರುತ್ತಿತ್ತು. ಬಿಡುತ್ತಾ ಹೋದ ಹಾಗೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಡೆ ಸಿಗತೊಡಗಿತು. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ ಅಂತ ವಿವರಿಸಿದರು. ನನ್ನ ಮೈಯೊಳಗೇ ಇಂಥದ್ದೊಂದು ಇದೆ, ಅದು ನನ್ನ ಬೆರಳಿಗೇ ಸಿಗುತ್ತಿದೆ ಅಂತ ತಿಳಿದು ಕಣ್ಣು ತುಂಬಿತು. ಇಷ್ಟು ದಿನ ಮೈ ನನ್ನ ಮೇಲೆ ಹಗೆ ಸಾಧಿಸುತ್ತಿದೆ ಅಂದುಕೊಂಡಿದ್ದೆ.

ನಾಲ್ಕು ಮತ್ತು ಆರು ಸೆಕೆಂಡಿನ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರಾಯಿತು. ಸಾಮಾನ್ಯವಾಗಿ ನಾವು ಉಸಿರಾಡುವುದು ಹನ್ನೆರಡರಿಂದ ಇಪ್ಪತ್ತು ಸಲ. 2001ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳಿಸಿದಾಗಲೂ, ಯೋಗದ ಮಂತ್ರ ಹೇಳಿಸಿದಾಗಲೂ ಉಸಿರು ಹೆಚ್ಚುಕಡಿಮೆ ಇದೇ ಆರಕ್ಕೆ ಬಂದು ನಿಂತಿತ್ತಂತೆ. ಇಂಥ ಪರೀಕ್ಷೆಗಳೂ ಹೊಸವಲ್ಲ. 1924ರಲ್ಲಿ ಲೋನಾವಳಾದಲ್ಲಿ ಕೈವಲ್ಯಧಾಮ ಅನ್ನುವ ಯೋಗ ಸಂಸ್ಥೆ ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಯೋಗಕ್ರಿಯೆಗಳ ಪರಿಣಾಮವನ್ನು ಎಕ್ಸ್-ರೇ ಹಿಡಿದು ನೋಡಿದವರು.

ಧ್ಯಾನ ಮಾತ್ರ ನನಗೆ ಸುಲಭಕ್ಕೆ ಒಲಿಯಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ರಾತ್ರಿ ಮೂರರ ಅದೇ ಡವಡವ. ಎಲ್ಲರಿಗೂ ಶಾಂತಿ ಕೊಡುವುದು ನನಗೆ ಭಯ ಕೊಡುತ್ತಿದೆ, ದೋಷ ನನ್ನಲ್ಲೇ ಇರಬೇಕು ಅಂತ ಕೊರಗಿದೆ. ಮೇಡಂ ಹತ್ತಿರ ಹೇಳಿದಾಗ, "ಹಾಗಾದ್ರೆ ಕಣ್ಣು ಮುಚ್ಚೋದೇ ಬೇಡ" ಅಂದುಬಿಟ್ಟರು. ಕುರ್ಚಿಯ ಮೇಲೆ ಕೂತು, ಪಾದಗಳನ್ನು ನೆಲಕ್ಕೆ ಊರಿ, ಎರಡು ಮಾರು ದೂರದ ನೆಲ ನೋಡುತ್ತಾ ಐದು ನಿಮಿಷ. ಮನಸ್ಸು ಓಡಿದರೆ ಹಿಮ್ಮಡಿಗೆ ಕರೆತರುವುದು. ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಧ್ಯಾನದಲ್ಲಿ ಹೆದರಿಕೆಯಾಗುತ್ತದೆ ಅನ್ನುವವರು ನಿಮ್ಮಲ್ಲಿದ್ದರೆ ದಯವಿಟ್ಟು ಹಲ್ಲು ಕಚ್ಚಿ ಕೂರಬೇಡಿ, ಹೇಳಿಕೊಡುವವರಿಗೆ ಹೇಳಿ.

ಪತಂಜಲಿ ಆಸನದ ಬಗ್ಗೆ ಬರೆದದ್ದು ಮೂರೇ ಸೂತ್ರ, ಮೊದಲನೆಯದು "ಸ್ಥಿರಸುಖಮಾಸನಮ್." ಅದರಲ್ಲಿ ಹಣೆ ಮಂಡಿಗೆ ತಾಗಬೇಕು ಅಂತ ಎಲ್ಲೂ ಇಲ್ಲ. ಬೆನ್ನು ಒತ್ತಿಸಿಕೊಂಡ ದಿನ ನನಗೆ ಸ್ಥಿರವೂ ಇರಲಿಲ್ಲ, ಸುಖವೂ ಇರಲಿಲ್ಲ.

ಈಗ ಹನ್ನೊಂದನೇ ತಿಂಗಳು. ಮುಕ್ಕಾಲು ಗಂಟೆ ಒಂದೇ ಸಮನೆ ಕೂತರೆ ಸೊಂಟ ಇವತ್ತಿಗೂ ಹಿಡಿಯುತ್ತದೆ. ರಾತ್ರಿ ಎಚ್ಚರವಾಗುವುದು ಕಡಿಮೆಯಾಗಿದೆ, ನಿಂತಿಲ್ಲ. ಮಾತ್ರೆಯನ್ನು ವೈದ್ಯರೇ ಒಂದಕ್ಕೆ ಇಳಿಸಿದ್ದಾರೆ. ಕಳೆದ ವಾರ ಮೇಡಂ ಕುರ್ಚಿ ತೆಗೆಸಿ, ಮಂಡಿಗಳ ಕೆಳಗೆ ಸುತ್ತಿದ ಟವೆಲ್ ಮಾತ್ರ ಇಟ್ಟು ಮಲಗಿಸಿದರು. ಸೊಂಟದ ಕೆಳಗೆ ಕೈ ತೂರಿಸಿ ನೋಡಿದೆ. ಬೆರಳ ತುದಿ ಹೋಯಿತು, ಅಂಗೈ ಹೋಗಲಿಲ್ಲ.