ಮೇಳದ ಸೈಟು, ಜೂನ್ ತಿಂಗಳ ಬ್ಯಾಕಪ್ಪು

18 ನವೆಂಬರ್ 2020, ಬುಧವಾರ, ರಾತ್ರಿ

ನಾನು ದುರಸ್ತಿ ಮಾಡುತ್ತಿದ್ದ ಯಕ್ಷಗಾನ ಮೇಳದ ಸೈಟು ಈಗಷ್ಟೇ ಮತ್ತೆ ಶುರುವಾಯಿತು. ಕಣ್ಣು ಉರಿಯುತ್ತಿದೆ. ಆದರೂ ಇವತ್ತೇ ಬರೆದಿಡಬೇಕು, ನಾಳೆಗೆ ಅರ್ಧ ಮರೆತುಹೋಗುತ್ತದೆ.

ದೀಪಾವಳಿ ಮುಗಿಯುತ್ತಿದ್ದ ಹಾಗೆ ಮ್ಯಾನೇಜರು ಫೋನ್ ಮಾಡಿದ್ದರು. "ಎಂಥ ಮಾರಾಯ್ರೆ ಇದು? ಗೂಗಲ್‌ನಲ್ಲಿ ನಮ್ಮ ಮೇಳದ ಹೆಸರು ಹಾಕಿದ್ರೆ ಚೀನಾ ಭಾಷೆ ಬರ್ತದಲ್ಲ!" ಚೀನಾದ್ದಲ್ಲ, ಜಪಾನಿನದ್ದು. ಬ್ಯಾಗು, ವಾಚು ಮಾರುವ ನಕಲಿ ಅಂಗಡಿಗಳ ಪುಟಗಳು ಸಾವಿರಗಟ್ಟಲೆ, ಎಲ್ಲವೂ ಮೇಳದ ವಿಳಾಸದಲ್ಲೇ. ಸೈಟಿಗೆ ನೇರವಾಗಿ ಹೋದರೆ ಏನೂ ಗೊತ್ತಾಗುವುದಿಲ್ಲ. ಅದೇ ವೇಷಗಳ ಫೋಟೊ, ಅದೇ ಸೇವೆಯಾಟ (ಭಕ್ತರು ಸೇವೆಯೆಂದು ಆಡಿಸುವ ಆಟ) ಬುಕ್ ಮಾಡುವ ಫಾರಂ. ಈ ಜಾತಿಯ ಹ್ಯಾಕೇ ಹಾಗೆ. ಬಂದದ್ದು ಗೂಗಲ್‌ಗಾಗಿ ಪುಟಗಳನ್ನು ಓದುವ ಗೂಗಲ್‌ಬಾಟ್ ಪ್ರೋಗ್ರಾಂ ಆದರೆ ಒಂದು ಪುಟ, ಮನುಷ್ಯರಾದರೆ ಇನ್ನೊಂದು. ಮಾರ್ಚ್‌ನಲ್ಲೇ ಲಾಕ್‌ಡೌನ್‌ನಿಂದ ಮೇಳ ಊರೂರು ಸುತ್ತಿ ಆಡುವ ತಿರುಗಾಟ ನಿಂತಿತ್ತು, ಆಮೇಲೆ ಮಳೆಗಾಲ. ಸೈಟಿನ ಕಡೆ ಹೆಚ್ಚಾಗಿ ಯಾರೂ ತಲೆ ಹಾಕಿರಲಿಲ್ಲ.

ಮ್ಯಾನೇಜರಿಗೆ ಅವಸರ. ತಿರುಗಾಟ ಶುರುವಾಗುವ ಹೊತ್ತು. "ಹೋಸ್ಟಿಂಗಿನವರು ದಿನಾ ಬ್ಯಾಕಪ್ ಇಡ್ತಾರಂತಲ್ಲ, ಒಂದು ಬಟನ್ ಒತ್ತಿ ಮೊನ್ನೆದು ಹಾಕಿಬಿಡಿ" ಎಂದರು. ಆ ಬಟನ್ ಇರುವುದು ನಿಜ. ಆದರೆ ಮೊನ್ನೆಯ ಬ್ಯಾಕಪ್ಪಿನಲ್ಲಿ ಕಳ್ಳನೂ ಇದ್ದರೆ? ಅವನನ್ನೂ ಜೋಪಾನವಾಗಿ ವಾಪಸ್ ಕರೆದು ತಂದಂತಾಗುತ್ತದೆ ಅಷ್ಟೇ. ಯಾವ ದಿನದ್ದು ಹಾಕಬೇಕು ಅಂತ ಹೇಳಬೇಕಾದರೆ ಅವನು ಯಾವತ್ತು ಒಳಗೆ ಬಂದ ಅಂತ ಮೊದಲು ಗೊತ್ತಾಗಬೇಕು. ಇದನ್ನು ಅವರಿಗೆ ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗವಾಗಿತ್ತು.

ಮೊದಲು ಹಾಳಾದ ಸೈಟನ್ನು ಇದ್ದ ಹಾಗೇ ಒಂದು ಕಾಪಿ ಮಾಡಿ ಬೇರೆ ಇಟ್ಟೆ, ಫೈಲು, ಡೇಟಾಬೇಸು, ಲಾಗು (ಸರ್ವರಿಗೆ ಯಾರು ಯಾವಾಗ ಏನು ಕೇಳಿದರು ಅನ್ನುವ ದಾಖಲೆ) ಎಲ್ಲ ಸೇರಿಸಿ. ಸೈಟಿನ ಜಾಗದಲ್ಲಿ 'ದುರಸ್ತಿ ನಡೆಯುತ್ತಿದೆ' ಅಂತ 503 ಉತ್ತರ ಕೊಡುವ ಪುಟ. 503 ಅಂದರೆ ತಾತ್ಕಾಲಿಕ ಅಂತ ಗೂಗಲ್‌ಗೂ ಅರ್ಥವಾಗುತ್ತದೆ, ನಮ್ಮ ನಿಜವಾದ ಪುಟಗಳನ್ನು ತಕ್ಷಣ ತೆಗೆದುಹಾಕುವುದಿಲ್ಲ.

ಆಮೇಲೆ ಹುಡುಕಾಟ. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಫೋಟೊ ಇರಬೇಕು, ಸರ್ವರಿನಲ್ಲಿ ಓಡುವ ಪಿಎಚ್‌ಪಿ ಪ್ರೋಗ್ರಾಂ ಫೈಲಿಗೆ ಅಲ್ಲೇನು ಕೆಲಸ? 2018ರ ಫೋಲ್ಡರ್‌ನಲ್ಲಿ ವೇಷ ಹಾಕುವ ಚೌಕಿಯ ಫೋಟೊಗಳ ಮಧ್ಯೆ ಒಂದು ಕೂತಿತ್ತು. ತಾರೀಕು ನೋಡಿದರೆ ಅದೂ 2018ರದ್ದೇ! ಪಕ್ಕದ ಫೋಟೊಗಳ ಜೊತೆ ಸರಿಯಾಗಿ ಹೊಂದಿಕೊಂಡಿದೆ. ಆದರೆ ಲಿನಕ್ಸ್‌ನಲ್ಲಿ ಫೈಲಿಗೆ ಇರುವುದು ಒಂದೇ ತಾರೀಕಲ್ಲ. ತಿದ್ದಿದ ತಾರೀಕನ್ನು 'ಟಚ್' ಕಮಾಂಡಿನಲ್ಲಿ ಯಾರು ಬೇಕಾದರೂ ಬದಲಾಯಿಸಬಹುದು. 'ಸಿಟೈಮ್' ಅಂತ ಇನ್ನೊಂದಿದೆ, ಫೈಲಿನ ವಿವರ ಕೊನೆಗೆ ಬದಲಾದ ತಾರೀಕು, ಅದನ್ನು ಅಷ್ಟು ಸುಲಭಕ್ಕೆ ಬದಲಾಯಿಸಲಾಗದು. ಈ ತಾರೀಕುಗಳನ್ನು ತೋರಿಸುವ 'ಸ್ಟ್ಯಾಟ್' ಕಮಾಂಡ್ ಹೊಡೆದು ನೋಡಿದೆ: ಸೆಪ್ಟೆಂಬರ್ 2020.

ಸೆಪ್ಟೆಂಬರ್ ಅಂದ ಕೂಡಲೇ ಅನುಮಾನ ಬಂತು. ಮೇಳದ ಸೈಟು ನಡೆಯುವುದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರಿನಲ್ಲಿ. ಸೈಟಿನ ಒಳಗಿಂದಲೇ ಫೈಲ್‌ಗಳನ್ನು ಜೋಡಿಸುವ ಒಂದು ಜನಪ್ರಿಯ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಉಪಪ್ರೋಗ್ರಾಂ) ಇದೆ, ಏಳು ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿ ಇತ್ತು, ನಮ್ಮದರಲ್ಲೂ. ಅದು ಎಲ್‌ಫೈಂಡರ್ ಅನ್ನೋ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಕೋಡನ್ನು, ಬಳಸುತ್ತದೆ. ಆ ಲೈಬ್ರರಿಯಲ್ಲಿ ಬರೀ ಮಾದರಿಗೆಂದು ಕೊಟ್ಟ ಒಂದು ಫೈಲ್ ಇದೆ. ಅದರ ಹೆಸರಿನ ಕೊನೆಗೆ '.ಡಿಸ್ಟ್' ಅಂತಿರುತ್ತದೆ, ಹಾಗಾಗಿ ಅದು ಓಡುವುದಿಲ್ಲ. ಪ್ಲಗಿನ್‌ನಲ್ಲಿ ಆ ಬಾಲ ತೆಗೆದಿದ್ದರು. ಲಾಗಿನ್ನೇ ಇಲ್ಲದೆ ಯಾರು ಬೇಕಾದರೂ ಸರ್ವರಿಗೆ ಫೈಲ್ ಏರಿಸಬಹುದು ಅಂತಾಯಿತು. ಸೆಪ್ಟೆಂಬರ್ 1ಕ್ಕೆ ಸರಿಮಾಡಿದ ಆವೃತ್ತಿ ಬಂತು, ಆ ಹೊತ್ತಿಗೆ ದಾಳಿಯೂ ಶುರುವಾಗಿತ್ತು. ನಮ್ಮ ಲಾಗ್ ತೆಗೆದರೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಆ ಫೈಲಿಗೆ ಪೋಸ್ಟ್ ರಿಕ್ವೆಸ್ಟ್ (ಸರ್ವರಿಗೆ ಏನನ್ನೋ ಕಳಿಸುವ ಕೋರಿಕೆ), ಉತ್ತರ 200, ಅಂದರೆ 'ಆಯಿತು'. ಇನ್ನೊಂದು ತಮಾಷೆ ನೋಡಿ: ಒಳಗೆ ಬಂದವನು ಆ ತೂತಿಗೆ ತನ್ನದೇ ಪಾಸ್‌ವರ್ಡ್ ಹಾಕಿದ್ದ, ಬೇರೆ ಕಳ್ಳರು ಬರಬಾರದಲ್ಲ! ಬೇರೆ ಸೈಟ್‌ಗಳಲ್ಲೂ ಹೀಗೇ ಮಾಡಿದ್ದಾರೆ ಅಂತ ಸೆಕ್ಯುರಿಟಿಯವರು ಆಗಲೇ ಬರೆದಿದ್ದರು.

ಅಲ್ಲಿಗೆ ಹೋಸ್ಟಿಂಗಿನವರ 30 ದಿನದ ಬ್ಯಾಕಪ್ಪುಗಳು ಅಷ್ಟೂ ವ್ಯರ್ಥ. ಎಲ್ಲದರಲ್ಲೂ ಕಳ್ಳ ಇದ್ದಾನೆ.

ಪುಣ್ಯಕ್ಕೆ ಮೇಳದ ಆಫೀಸಿನ ಕಪಾಟಿನಲ್ಲಿ ಒಂದು ಹಾರ್ಡ್‌ಡಿಸ್ಕ್ ಇತ್ತು. ಮೊದಲು ಸೈಟು ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಡುವಾಗ, ಜೂನ್‌ನಲ್ಲಿ, ಪೂರ್ತಿ ಕಾಪಿ ಮಾಡಿ ಕೊಟ್ಟು ಹೋಗಿದ್ದ. ಅವನಿಗೊಂದು ನಮಸ್ಕಾರ. ಸರ್ವರಿಗೆ ತಾಗದೆ ಹೊರಗಿದ್ದ ಕಾಪಿ ಅದೊಂದೇ.

ಆದರೆ ಜೂನಿನ ಕಾಪಿಯಲ್ಲಿ ಕಳ್ಳ ಇಲ್ಲದಿದ್ದರೂ ತೂತು ಇದೆ. ಅದೇ ಪ್ಲಗಿನ್, ಅದೇ ಹಳೆ ಆವೃತ್ತಿ. ಅದನ್ನು ಹಾಗೇ ಏರಿಸಿದರೆ ಸಂಜೆಯೊಳಗೆ ಮತ್ತೆ ಅದೇ ಕಥೆ. ಹಾಗಾಗಿ ಅದನ್ನು ಮೊದಲು ಬಿಚ್ಚಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಅದರಿಂದ ತೆಗೆದುಕೊಂಡದ್ದು ಎರಡೇ, ಫೋಟೊಗಳು ಮತ್ತು ಡೇಟಾಬೇಸ್. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್ ಎಲ್ಲ ಮೂಲದಿಂದ ಹೊಸದಾಗಿ ಇಳಿಸಿದೆ. ಆ ಫೈಲ್ ಪ್ಲಗಿನ್‌ನ ಹೊಸ ಆವೃತ್ತಿಯೂ ಬೇಡ ಅಂತ ಬಿಟ್ಟೆ. ಫೈಲ್ ಜೋಡಿಸೋಕೆ ಎಸ್‌ಎಫ್‌ಟಿಪಿ ಇದೆ, ಸರ್ವರಿಗೆ ಸುರಕ್ಷಿತವಾಗಿ ಫೈಲ್ ಕಳಿಸುವ ದಾರಿ, ಅಷ್ಟು ಸಾಕು.

ಸರ್ವರಿನಲ್ಲಿ ಹಳೆ ಫೋಲ್ಡರಿನ ಮೇಲೆಯೇ ಹೊಸದನ್ನು ಸುರಿಯಲಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ಸುರಿದರೆ ಒಂದೇ ಹೆಸರಿನ ಫೈಲುಗಳು ಮಾತ್ರ ಬದಲಾಗುತ್ತವೆ, ಕಳ್ಳ ಸೇರಿಸಿದ್ದು ಅಲ್ಲೇ ಕೂತಿರುತ್ತದೆ. ವರ್ಡ್‌ಪ್ರೆಸ್‌ನ 'ಮು-ಪ್ಲಗಿನ್ಸ್' (ಕಡ್ಡಾಯ ಪ್ಲಗಿನ್‌ಗಳ) ಫೋಲ್ಡರಿನಲ್ಲಿ ಅವನದ್ದೊಂದು ಫೈಲ್ ಇತ್ತು. ಅಲ್ಲಿ ಇಟ್ಟದ್ದು ತಾನೇ ಓಡುತ್ತದೆ, ಮಾಮೂಲಿ ಪ್ಲಗಿನ್ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಹಾಗಾಗಿ ಫೋಲ್ಡರ್ ಪೂರ್ತಿ ಖಾಲಿ ಮಾಡಿ, ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲೂ ಇಣುಕಿ ನೋಡಿ, ಆಮೇಲೆ ಏರಿಸಿದೆ.

ಜೂನ್ ನಂತರದ್ದು ಏನು ಅಂತ ಪ್ರಶ್ನೆ ಬಂತು. ಒಂದೆರಡು ಪ್ರಕಟಣೆಗಳನ್ನು ಬರೀ ಅಕ್ಷರವಾಗಿ ಎತ್ತಿ ಅಂಟಿಸಿದೆ. ಸೇವೆಯಾಟ ಬುಕ್ ಮಾಡಿದವರ ಪಟ್ಟಿ ಮಾತ್ರ ಬಿಡುವ ಹಾಗಿಲ್ಲ. ಹಾಳಾದ ಡೇಟಾಬೇಸಿನಿಂದ ಆ ಒಂದು ಟೇಬಲ್ಲನ್ನು ಸಿಎಸ್‌ವಿ (ಬರೀ ಅಕ್ಷರಗಳ ಪಟ್ಟಿ) ಮಾಡಿ, ಸಾಲು ಸಾಲು ಓದಿ ಒಳಗೆ ಹಾಕಿದೆ. ಓದುವಾಗ ಅನ್ನಿಸಿತು, ಈ ಹೆಸರು, ಈ ಫೋನ್ ನಂಬರುಗಳು ಅವನ ಕೈಗೂ ಸಿಕ್ಕಿರಬಹುದಲ್ವಾ? ಮೇಳದವರೇ ಅವರಿಗೆಲ್ಲ ಫೋನ್ ಮಾಡಿ ಹೇಳಬೇಕು ಅಂದೆ. "ಸೇವೆ ಕೊಡುವವರು ಹೆದರಿ ಹಿಂದೆ ಸರಿದ್ರೆ?" ಅಂದರು ಮ್ಯಾನೇಜರು. ಬೇರೆಯವರ ಬಾಯಿಂದ ಗೊತ್ತಾದರೆ ಇನ್ನೂ ಕಷ್ಟ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಯಜಮಾನರ ಹತ್ತಿರ ಕೇಳಿ ಮಾಡುತ್ತಾರಂತೆ.

ಪಾಸ್‌ವರ್ಡ್ ಎಲ್ಲ ಹೊಸದು: ಹೋಸ್ಟಿಂಗ್, ಡೇಟಾಬೇಸ್, ಅಡ್ಮಿನ್, ಮೇಳದ ಈಮೇಲ್. ಕಾನ್ಫಿಗ್ ಫೈಲಿನ ಎಂಟು ಗುಪ್ತ ಕೀಗಳನ್ನೂ ಬದಲಾಯಿಸಿದೆ. ಹಾಗೆ ಮಾಡಿದರೆ ಹಿಂದೆ ಲಾಗಿನ್ ಆಗಿದ್ದವರೆಲ್ಲ ಒಮ್ಮೆಲೇ ಹೊರಗೆ. ಗೂಗಲ್ ಹುಡುಕಾಟದಲ್ಲಿ ಸೈಟು ಹೇಗಿದೆ ಅಂತ ಮಾಲೀಕರು ನೋಡಿಕೊಳ್ಳುವ ಸರ್ಚ್ ಕನ್ಸೋಲ್ ತೆಗೆದರೆ ಅಲ್ಲಿ ಗುರುತಿಲ್ಲದ ಒಬ್ಬ 'ಓನರ್' ಇದ್ದ! ಅವನು ಇಟ್ಟ ದೃಢೀಕರಣದ ಫೈಲು ಹಳೆ ಫೋಲ್ಡರ್ ಜೊತೆಗೇ ಹೋಗಿತ್ತು. ಅವನನ್ನೂ ತೆಗೆದು, ಅವನು ಕೊಟ್ಟಿದ್ದ ಸೈಟ್‌ಮ್ಯಾಪನ್ನೂ (ಪುಟಗಳ ಪಟ್ಟಿ) ಅಳಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಜಪಾನಿ ಪುಟಗಳೀಗ 404, ಅಂದರೆ 'ಪುಟ ಇಲ್ಲ'. ಹುಡುಕಾಟದಿಂದ ಪೂರ್ತಿ ಹೋಗೋಕೆ ಇನ್ನೂ ಸಮಯ ಬೇಕು.

ಇನ್ನು ಮೇಲೆ ವಾರಕ್ಕೊಂದು ಕಾಪಿ ಸರ್ವರಿನಿಂದ ಹೊರಗೆ, ತಿಂಗಳಿಗೊಂದು ಹಾರ್ಡ್‌ಡಿಸ್ಕಿಗೆ. ತಿಂಗಳಿನದ್ದನ್ನು ವರ್ಷವಿಡೀ ಅಳಿಸುವಂತಿಲ್ಲ ಅಂತ ಮ್ಯಾನೇಜರಿಗೆ ಹೇಳಿದೆ. "ಆಯ್ತು ಮಾರಾಯ್ರೆ, ಹೊಸ ಪಾಸ್‌ವರ್ಡನ್ನು ನಮ್ಮ ಮೇಳದ ವಾಟ್ಸಾಪ್ ಗ್ರೂಪಿಗೆ ಹಾಕಿ, ಎಲ್ಲರಿಗೂ ಗೊತ್ತಿರಲಿ" ಅಂದರು. ಬೇಡ, ನಾಳೆ ನಾನೇ ಆಫೀಸಿಗೆ ಬರುತ್ತೇನೆ ಅಂದಿದ್ದೇನೆ.