ಗ್ಯಾಸ್ ಮುಗಿದ ಗುರುವಾರ

ಇಡ್ಲಿ ಪಾತ್ರೆಯ ಹಬೆ ನಿಂತಾಗ ಗಂಟೆ ಏಳೂವರೆ. ಬಗ್ಗಿ ನೋಡಿದರೆ ಒಲೆಯಲ್ಲಿ ಉರಿಯೇ ಇಲ್ಲ. ಇನ್ನೊಂದು ಸಿಲಿಂಡರ್ ಖಾಲಿಯಾಗಿ ತಿಂಗಳ ಮೇಲಾಗಿತ್ತು, ಬುಕ್ ಮಾಡಬೇಕಾದವಳು ನಾನು, ಮರೆತಿದ್ದೆ. ಇಂಡಕ್ಷನ್ ಒಲೆ ಇದೆ, ಆದರೆ ರಾತ್ರಿಯ ಆಷಾಢದ ಗಾಳಿಗೆ ಹಿಂದಿನ ಬೀದಿಯಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಇವರು ಬೆಳಗಿನ ಪಾಳಿಗೆಂದು ಐದೂವರೆಗೇ ಹೂಟಗಳ್ಳಿ ಕಡೆ ಹೊರಟಾಗಿತ್ತು. ಮನೆಯಲ್ಲಿ ನಾನು, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಹತ್ತು ಗಂಟೆಯ ಹೊತ್ತಿಗೆ ಪಾಂಡವಪುರದ ಕಡೆಯಿಂದ ಅತ್ತೆ ಬರುವವರಿದ್ದರು.

ಮಗಳು ಒಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದು ಸಿಲಿಂಡರನ್ನು ಮೇಲಿಂದ ಕೆಳಗಿನವರೆಗೆ ಒರೆಸಿದಳು. ಒಳಗೆ ದ್ರವ ಇನ್ನೂ ಇದ್ದರೆ ಆ ಮಟ್ಟದವರೆಗೆ ಕಬ್ಬಿಣ ತಣ್ಣಗಿರುತ್ತದೆ, ಅಲ್ಲಿಯ ಒದ್ದೆ ನಿಧಾನವಾಗಿ ಆರುತ್ತದೆ. ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ. ನಡುವೆ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಅವತ್ತು ಗೆರೆ ಮೂಡಲಿಲ್ಲ, ಎಲ್ಲಾ ಕಡೆ ಒಂದೇ ಸಮ ಒಣಗಿತು. "ಮುಗಿದಿದೆ ಅಮ್ಮ, ರೆಗ್ಯುಲೇಟರ್ ತೊಂದ್ರೆ ಅಲ್ಲ" ಅಂದಳು. ಆಮೇಲೆ ಗೋಡೆಯ ಕ್ಯಾಲೆಂಡರ್ ತಿರುವಿ, "ಈ ಸಲ 38 ದಿನ ಬಂತು" ಅಂದಳು.

ಸಿಲಿಂಡರಿನ ಈ ವಿದ್ಯೆಯೆಲ್ಲ ಎರಡು ವರ್ಷದ ಹಿಂದೆ ನಾನೇ ಕಲಿಸಿದ್ದು. ಒಳಗೆ ತುಂಬುವ ಗ್ಯಾಸ್ 14.2 ಕೆಜಿ, ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೆಯೇ ಬರೆದಿರುತ್ತದೆ, ಹಿಡಿಯ ಪಟ್ಟಿಯ ಒಳಮೈಯಲ್ಲಿರುವ ಎ, ಬಿ, ಸಿ, ಡಿ ಅಂದರೆ ವರ್ಷದ ನಾಲ್ಕು ತ್ರೈಮಾಸಿಕಗಳು, ಪಕ್ಕದ ಅಂಕಿ ಅದನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ವರ್ಷ. ಭಾಗಾಕಾರ ಮಾಡಿಸಿ ದಿನಕ್ಕೆ ಎಷ್ಟು ಗ್ರಾಂ ಉರಿಸುತ್ತೇವೆ ಅಂತ ಲೆಕ್ಕ ಹಾಕಿಸಿದ್ದೆ. 38 ದಿನ ಬಂದರೆ ದಿನಕ್ಕೆ ಹೆಚ್ಚುಕಡಿಮೆ 374 ಗ್ರಾಂ. ಅವತ್ತು ಬೆಳಗ್ಗೆಯೂ ನನ್ನ ಬಾಯಿಗೆ ಬಂದದ್ದು "ಹಾಗಾದ್ರೆ ದಿನಕ್ಕೆಷ್ಟಾಯ್ತು ಹೇಳು" ಎಂಬ ಮಾತೇ. ಅವಳು ಉತ್ತರ ಕೊಡಲಿಲ್ಲ. ನನ್ನ ಫೋನ್ ತೆಗೆದುಕೊಂಡು ಗ್ಯಾಸ್ ಬುಕ್ ಮಾಡಿ, ಡಬ್ಬಿಯಿಂದ ಅವಲಕ್ಕಿ ತೆಗೆದು ಮೊಸರಿಗೆ ಹಾಕಿ, ತಮ್ಮನಿಗೊಂದು ಬಟ್ಟಲು ಕೊಟ್ಟು ತಾನೂ ತಿನ್ನಲು ಕೂತಳು.

ಎಲ್ಲವನ್ನೂ ಪಾಠ ಮಾಡುವ ಈ ಅಭ್ಯಾಸ ನನಗೆ ಎಲ್ಲಿಂದ ಬಂತು ಅಂತ ಹೇಳಲೇಬೇಕು. ಮಗಳು ಎರಡನೆಯ ತರಗತಿಯಲ್ಲಿದ್ದಾಗ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಳು. ಸಂಜೆ ಬಂದು ಬ್ಯಾಗ್ ಇಟ್ಟು ಮಲಗುತ್ತಿದ್ದಳು, ಭಾನುವಾರ ಸಂಜೆಯಾದರೆ ಹೊಟ್ಟೆನೋವು. ಒಂದು ವರ್ಷ ನೋಡಿದೆವು, ಆಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದೆವು. ಹೀಗೆ ಬಿಡಿಸಿದವರ ಎದೆಯಲ್ಲಿ ಒಂದು ಭಯ ಕೂತೇ ಇರುತ್ತದೆ. ನೆಂಟರ ಮನೆ ಮದುವೆಯಲ್ಲಿ, ತರಕಾರಿ ಗಾಡಿಯ ಹತ್ತಿರ, ಬಸ್ಸಿನಲ್ಲಿ, ಯಾರಾದರೂ "ಇವತ್ತು ಸ್ಕೂಲಿಗೆ ರಜಾನಾ ಪುಟ್ಟಿ?" ಅಂದ ಕೂಡಲೇ ನಾನು ಒಳಗೊಳಗೇ ಲೆಕ್ಕ ಒಪ್ಪಿಸಲು ಶುರುಮಾಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ, 6ರಿಂದ 14 ವರ್ಷದ ಮಕ್ಕಳಿಗೆ. ಅದರಲ್ಲಿ ತಂದೆತಾಯಿಯ ಕರ್ತವ್ಯ ಏನು, ಸರ್ಕಾರದ ಹೊಣೆ ಏನು ಎಂಬ ಸಾಲುಗಳನ್ನು ರಾತ್ರಿ ಎಷ್ಟು ಸಲ ಓದಿದ್ದೇನೋ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ತುಂಬಿದವರು ನೇರವಾಗಿ ಹತ್ತನೆಯ ತರಗತಿಗೆ ಹೆಸರು ಹಚ್ಚಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಮ್ಮೆ ಸೇರಿದರೆ ಐದು ವರ್ಷ ಅವಕಾಶ. ಇದನ್ನು ತಿಳಿದ ದಿನ ಸ್ವಲ್ಪ ನಿದ್ದೆ ಬಂತು. ಆದರೆ ಹಗಲಿನ ಹೊತ್ತು ಭಯ ಬೇರೆ ರೂಪ ತಾಳುತ್ತಿತ್ತು. ಬದನೆಕಾಯಿ ಹೆಚ್ಚುವಾಗ ಬೀಜದ ಪಾಠ, ಬಟ್ಟೆ ಒಣಹಾಕುವಾಗ ಆವಿಯ ಪಾಠ, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವಾಗ ಲೀಟರಿನ ಲೆಕ್ಕ. ಹೀಗೆ ಮಾಡಿದರೆ ದಿನದ ಯಾವ ಹೊತ್ತೂ ಹಾಳಾಗಲಿಲ್ಲ ಅನ್ನಿಸುತ್ತಿತ್ತು.

ಅತ್ತೆ ಬಂದದ್ದು ಹತ್ತು ಗಂಟೆಗೆ, ಒಂದು ಕೈಯಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ಕೀರೆ ಸೊಪ್ಪಿನ ಕಟ್ಟು. ಗ್ಯಾಸ್ ಇಲ್ಲ, ಕರೆಂಟಿಲ್ಲ, ಹೋಟೆಲಿಂದ ಏನಾದರೂ ತರಿಸೋಣ ಅಂತ ನಾನು ಹೇಳುತ್ತಿರುವಾಗಲೇ ಅವರು ಹಿತ್ತಿಲ ಬಾಗಿಲು ತೆಗೆದು ಆಚೆ ನೋಡುತ್ತಿದ್ದರು.

"ಮೂರು ಕಲ್ಲಿದ್ರೆ ಒಲೆ ಕಣವ್ವ. ಮಟ್ಟೆ ಬಿದ್ದವೆ ಅಲ್ಲಿ. ಬುಡು, ಓಟ್ಲು ಯಾಕೆ?"

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಶೀಟಿನ ಕೆಳಗೆ ಮೂರು ಸಿಮೆಂಟ್ ಇಟ್ಟಿಗೆ ಇಟ್ಟದ್ದಾಯಿತು. ಮಗ ತೆಂಗಿನ ಮಟ್ಟೆ, ಚಿಪ್ಪು ಎಲ್ಲ ಎಳೆದು ತಂದ. ಅತ್ತೆ ಬೆಂಕಿಪೆಟ್ಟಿಗೆಯನ್ನು ಮಗಳ ಕೈಗೆ ಕೊಟ್ಟು ತಾವು ಸೊಪ್ಪು ಬಿಡಿಸಲು ಕೂತರು. ಗಾಳಿ ಜೋರಿತ್ತು. ಒಂದು ಕಡ್ಡಿ ಆರಿತು, ಎರಡನೆಯದೂ ಆರಿತು. ನಾನು ಬಾಗಿಲಲ್ಲಿ ನಿಂತು, "ನೋಡು, ಬೆಂಕಿ ಹತ್ತಬೇಕು ಅಂದ್ರೆ ಮೂರು ಬೇಕು. ಉರಿಯೋ ವಸ್ತು, ಶಾಖ, ಆಮ್ಲಜನಕ. ಈಗ ಇದರಲ್ಲಿ ಯಾವುದು..." ಅನ್ನುತ್ತಿದ್ದೆ.

"ಅಮ್ಮಾ, ಒಂದ್ನಿಮಿಷ ಸುಮ್ನಿರ್ತೀಯಾ? ಇದು ಮೊದ್ಲು ಹತ್ಕೊಳ್ಳಿ."

ಸಿಟ್ಟಿನಿಂದ ಹೇಳಿದ್ದಲ್ಲ. ತಲೆ ಎತ್ತಿ ನನ್ನ ಕಡೆ ನೋಡಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು, ಮೊಣಕಾಲುಗಳಿಂದ ಗಾಳಿಗೆ ಅಡ್ಡ ಮಾಡಿಕೊಂಡು, ತೆಂಗಿನ ನಾರನ್ನು ಹಕ್ಕಿಯ ಗೂಡಿನ ಹಾಗೆ ಸುತ್ತಿ ಒಳಗೆ ಕಡ್ಡಿ ಗೀರಿದಳು. ನಾರಿನ ಅಂಚು ಕೆಂಪಾಗಿ ಹೊಗೆಯಾಡಿತು. ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಊದಿ ಕಲ್ಲುಗಳ ನಡುವೆ ಇಳಿಸಿದಳು, ಮೇಲೆ ಒಣಗರಿ, ಅದರ ಮೇಲೆ ಚಿಪ್ಪು. ಚಿಪ್ಪು ಚಟಚಟ ಅಂದು ಹತ್ತಿಕೊಂಡಿತು. ನಾನು ಒಳಗೆ ಹೋಗಿ ಪಾತ್ರೆ ತೊಳೆಯುವ ಹಾಗೆ ನಿಂತೆ. ತೊಳೆಯಲು ಪಾತ್ರೆ ಇರಲಿಲ್ಲ.

ಆ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಮೂರು ವರ್ಷದಲ್ಲಿ ಅವಳು ಯಾವತ್ತಾದರೂ ಬರಿಯ ಕೆಲಸಕ್ಕಾಗಿ ಒಂದು ಕೆಲಸ ಮಾಡಿದ್ದಾಳಾ ಅಂತ ಯೋಚಿಸಿದೆ. ಅವಳ ಕೈಯಲ್ಲಿರುವುದನ್ನೆಲ್ಲ ಅರ್ಧದಲ್ಲೇ ಹಿಡಿದು ನಿಲ್ಲಿಸಿ, ಅದಕ್ಕೊಂದು ಹೆಸರು ಹೇಳಿ, ಮತ್ತೆ ಕೈಗೆ ಕೊಡುತ್ತಿದ್ದೆ. ಗಂಟೆ ಹೊಡೆದು ಪೀರಿಯಡ್ ಬದಲಾಯಿಸುವುದು ಬೇಡ ಅಂತ ಮನೆಗೆ ತಂದವಳಿಗೆ ದಿನಕ್ಕೆ ಇಪ್ಪತ್ತು ಸಲ ನಾನೇ ಗಂಟೆ ಹೊಡೆಯುತ್ತಿದ್ದೆ.

ಆಚೆ ಅಜ್ಜಿ ಮೊಮ್ಮಗಳ ಮಾತು ನಡೆದಿತ್ತು. ಹೆಸರುಕಾಳು ಬೇಯಲು ಇಟ್ಟಿದ್ದರು.

"ಕಟ್ಟೆ ಎಷ್ಟಾಯ್ತು ಕೂಸೆ? ಪೇಪರ್ ನೋಡ್ದಾ?"

ಮಂಡ್ಯದ ಕಡೆಯವರಿಗೆ ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್‌ ಅಣೆಕಟ್ಟೆ, ಬೇರೆ ಯಾವುದೂ ಅಲ್ಲ. ಜೂನ್‌ನಿಂದ ನಾನು ಮಗಳಿಂದ ದಿನಾ ಕೆಆರ್‌ಎಸ್‌ ಮಟ್ಟ ಬರೆಸಿ ಗ್ರಾಫ್ ಹಾಕಿಸುತ್ತಿದ್ದೆ. ಭರ್ತಿ ಮಟ್ಟ 124.80 ಅಡಿ ಎಂದು ಮೇಲೆ ಕೆಂಪು ಗೆರೆ ಎಳೆಸಿದ್ದೆ, ಪೂರ್ತಿ ತುಂಬಿದರೆ 49.45 ಟಿಎಂಸಿ ಎಂದು ಪಕ್ಕದಲ್ಲಿ ಬರೆಸಿದ್ದೆ. ಅವಳು ಬೇಸರದಿಂದಲೇ ಚುಕ್ಕೆ ಇಡುತ್ತಿದ್ದಳು.

"ನೂರು ದಾಟ್ತು ಅಜ್ಜಿ!"

"ನೂರಾ? ಹಂಗಾರೆ ಅರ್ಧನೂ ಆಗಿಲ್ಲ ಬುಡು."

"ಅಯ್ಯೋ ಅಜ್ಜಿ, ನೂರಿಪ್ಪತ್ನಾಲ್ಕರಲ್ಲಿ ನೂರು ಅಂದ್ರೆ ಮುಕ್ಕಾಲಿಗಿಂತ ಜಾಸ್ತಿ."

ಅತ್ತೆ ಪಕ್ಕದಲ್ಲಿದ್ದ ಸ್ಟೀಲ್ ಬೋಗುಣಿ ಎತ್ತಿ ತೋರಿಸಿದರು. "ಇದ್ರ ತಳ ಎಷ್ಟಗಲ ಅದೆ? ಬಾಯಿ ಎಷ್ಟಗಲ ಅದೆ? ಕೆಳಗೆ ಒಂದು ಬೆರಳು ನೀರೂ ಮೇಲೆ ಒಂದು ಬೆರಳು ನೀರೂ ಒಂದೇನಾ ಮಗ? ಕಟ್ಟೇಲಿ ನೀರು ಏರ್ದಂಗೆಲ್ಲ ಹಿನ್ನೀರು ಅಗಲ ಆಯ್ತಾ ಹೋಯ್ತದೆ. ಮೇಲಿನ ಇಪ್ಪತ್ತಡಿ ತುಂಬುದ್ರೇನೆ ನಾಲೆಗೆ ನೀರು, ನಾಲೆಗೆ ನೀರು ಬುಟ್ರೇನೆ ನಮ್ಗೆ ಬತ್ತದ ಸಸಿಗೆ ಒಟ್ಲು."

ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಮಗಳು ಒಳಗೆ ಓಡಿ ಬಂದು, ಆ ಗ್ರಾಫ್ ಹಾಳೆ ತೆಗೆದುಕೊಂಡು, ಬೋಗುಣಿಯನ್ನೂ ಎತ್ತಿಕೊಂಡು ನಲ್ಲಿಯ ಹತ್ತಿರ ಹೋದಳು. ಲೋಟದಲ್ಲಿ ನೀರು ಹುಯ್ಯುವುದು, ಬೆರಳಿನಿಂದ ಅಳೆಯುವುದು, ಮತ್ತೆ ಹುಯ್ಯುವುದು. ತಮ್ಮ ಲೋಟ ಎಣಿಸುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಗ್ರಾಫಿನಲ್ಲಿ ಅಡಿಯ ಲೆಕ್ಕ ಮಾತ್ರ ಇತ್ತು, ನೂರು ಅಡಿಯಲ್ಲಿ ಇರುವ ನೀರು ಪೂರ್ತಿ ನೀರಿನ ಅರ್ಧಕ್ಕಿಂತ ಕಡಿಮೆ ಎಂಬುದು ನನಗೇ ಹೊಳೆದಿರಲಿಲ್ಲ. ನಾಲೆ ಬಯಲಿನಲ್ಲಿ ಐವತ್ತು ವರ್ಷ ಒಟ್ಲು ಹಾಕಿದವರು ಅದನ್ನು ಪ್ರತಿ ಆಷಾಢದಲ್ಲೂ ಬೋಗುಣಿಯಷ್ಟು ಸುಲಭವಾಗಿ ನೋಡುತ್ತಾರೆ. ಹೊರಗೆ ಹೋಗಿ ಇದೇ ಮಾತನ್ನು ಇನ್ನೊಂದು ಸಲ ಬಿಡಿಸಿ ಹೇಳಬೇಕು ಅಂತ ನಾಲಗೆ ತುದಿಗೆ ಬಂತು. ಹೋಗಲಿಲ್ಲ.

ಉಪ್ಸಾರಿಗೆ ಖಾರ ರುಬ್ಬಬೇಕು, ಮಿಕ್ಸಿ ನಡೆಯದು. ಹಸಿಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕೊತ್ತಂಬರಿ ಸೊಪ್ಪು, ಹುಣಸೆಹಣ್ಣು, ಉಪ್ಪು ಹಾಕಿ ಕುಟ್ಟಾಣಿಯಲ್ಲಿ ಮಗ ಕುಟ್ಟಿದ. ಅವನ ಕೈ ಉರಿಯಿತು, ಅಳಲಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಬಂದು ಮತ್ತೆ ಕುಟ್ಟಿದ. ಕಾಳು, ಸೊಪ್ಪು ಬೆಂದ ನೀರನ್ನು ಬಸಿದು ಬೇರೆ ಇಟ್ಟದ್ದಾಯಿತು.

ಆಮೇಲೆ ಮುದ್ದೆ. ನಮ್ಮ ಮನೆಯಲ್ಲಿ ನಾನು ಮಾಡುವುದು ಅಳತೆ ಲೋಟದಲ್ಲಿ, ಒಂದಕ್ಕೆ ಎರಡು. ಅತ್ತೆಯ ಕೈಯಲ್ಲಿ ಲೋಟವಿಲ್ಲ. ಎಸರು ಕುದಿ ಬಂದಾಗ ಮೊದಲು ಒಂದು ಚಿಟಿಕೆ ಹಿಟ್ಟು, ಆಮೇಲೆ ಹಿಡಿ ಹಿಡಿಯಾಗಿ ನಡುವೆ ಗುಡ್ಡದ ಹಾಗೆ. ಕೋಲಿನಿಂದ ಗುಡ್ಡದ ನಡುವೆ ಒಂದು ತೂತು. ಆ ತೂತಿನಿಂದ ನೀರು ಬುಗ್ಗೆಯಾಗಿ ಎದ್ದು ಗುಡ್ಡದ ಮೇಲೆಲ್ಲ ಹರಿದು ಹಿಟ್ಟು ಕಪ್ಪಗಾಗುತ್ತಾ ಬಂತು. "ಇನ್ನೂ ಬೇಯ್ಬೇಕು, ವಾಸ್ನೆ ನೋಡು, ಅಸಿ ಅದೆ" ಅಂದರು. ಮಗಳು ಮೂಗು ಹತ್ತಿರ ತಂದು ಕಾದಳು. ಹೊಗೆಗೆ ಕಣ್ಣಲ್ಲಿ ನೀರು. ನನಗೆ ಇಷ್ಟು ವರ್ಷದಲ್ಲಿ ಆ ವಾಸನೆಯ ವ್ಯತ್ಯಾಸ ಗೊತ್ತಾಗಿಲ್ಲ, ಗಡಿಯಾರ ನೋಡಿ ಇಳಿಸುತ್ತೇನೆ. ಅವಳು ಒಂದು ಹೊತ್ತಿನಲ್ಲಿ "ಈಗ ಅಜ್ಜಿ" ಅಂದಳು. ಅತ್ತೆ ಕೈ ಒದ್ದೆ ಮಾಡಿಕೊಂಡು ಹಿಟ್ಟು ಮುಟ್ಟಿದರು. ಬೆರಳಿಗೆ ಅಂಟಲಿಲ್ಲ.

ಪಾತ್ರೆ ಇಳಿಸಿ, ಬಟ್ಟೆಯಲ್ಲಿ ಅತ್ತೆ ಒತ್ತಿ ಹಿಡಿದರು, ಮಗಳು ಎರಡು ಕೈಯಲ್ಲಿ ಕೋಲು ಹಿಡಿದು ತೊಳಸಿದಳು. ಮೊದಲ ಸುತ್ತಿಗೇ ತೋಳು ಸೋತಿತು. ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಹಿಡಿದಳು. ಎರಡು ಗಂಟು ಉಳಿದವು. ಮಣೆಯ ಮೇಲೆ ನೀರು ಚಿಮುಕಿಸಿ ಐದು ಮುದ್ದೆ ಕಟ್ಟಿದಳು, ಐದೂ ಐದು ಅಳತೆ. ಉಣ್ಣುವಾಗ ಗಂಟು ಸಿಕ್ಕಿದ್ದು ನನ್ನ ಮುದ್ದೆಯಲ್ಲಿ, ನಾನು ಹೇಳಲಿಲ್ಲ. ಮಗ ಸಾಮಾನ್ಯವಾಗಿ ಅರ್ಧ ಮುದ್ದೆಗೆ ಮುಖ ಸಿಂಡರಿಸುವವನು, ತಾನು ಕುಟ್ಟಿದ ಖಾರ ಅಂತ ಪೂರ್ತಿ ಉಂಡ.

ಎರಡೂವರೆಗೆ ಕರೆಂಟ್ ಬಂತು. ಇವರು ಮೂರೂವರೆಗೆ ಮನೆಗೆ ಬಂದಾಗ ಹಿತ್ತಿಲೆಲ್ಲ ಹೊಗೆಯ ವಾಸನೆ. ಅವರ ಪಾಲಿನ ಮುದ್ದೆ ತಣ್ಣಗಾಗಿತ್ತು, ಉಪ್ಸಾರನ್ನು ಇಂಡಕ್ಷನ್ ಮೇಲೆ ಬಿಸಿ ಮಾಡಿ ಕೊಟ್ಟೆ. "ಏನ್ ಪಾಠ ಆಯ್ತು ಇವತ್ತು?" ಅಂತ ದಿನಾ ಕೇಳುವ ಹಾಗೆ ಮಗಳನ್ನು ಕೇಳಿದರು. "ಏನೂ ಇಲ್ಲ ಅಪ್ಪ, ಅಡುಗೆ ಮಾಡಿದ್ವಿ" ಅಂದಳು. ಇಂಥ ಉತ್ತರಕ್ಕೆ ಬೇರೆ ದಿನವಾಗಿದ್ದರೆ ನಾನು ನಡುವೆ ಬಾಯಿ ಹಾಕಿ ಪಟ್ಟಿ ಒಪ್ಪಿಸುತ್ತಿದ್ದೆ.

ರಾತ್ರಿ ಮನೆಖರ್ಚಿನ ಪುಸ್ತಕದಲ್ಲಿ ಅತ್ತೆಗೆ ಕೊಟ್ಟ ಬಸ್ಸಿನ ದುಡ್ಡು ಬರೆಯಲು ಹೋದಾಗ ಹಿಂದಿನ ಪುಟದಲ್ಲಿ ಅವಳ ಅಕ್ಷರ ಕಂಡಿತು. ಬೋಗುಣಿಯ ಚಿತ್ರ, ಒಳಗೆ ಮೂರು ಗೆರೆ, ಪ್ರತಿ ಗೆರೆಯ ಎದುರು ಎಷ್ಟು ಲೋಟ ಅಂತ. ಅದರ ಕೆಳಗೆ:

"ಇಟ್ಟು. ಅಜ್ಜಿದು 4 ಹಿಡಿ = ನಂದು 7 ಹಿಡಿ. ಬೆಂದ ಮೇಲೆ ವಾಸನೆ ಸಿಹಿ. ತೊಳಸುವಾಗ ನಿಲ್ಲಿಸಬಾರದು, ನಾನು ನಿಲ್ಲಿಸಿದೆ, ಅದಕ್ಕೆ ಗಂಟು."

ಗಂಟಿನ ವಿಷಯ ಅವಳಿಗೂ ಗೊತ್ತಾಗಿತ್ತು. "ಇಟ್ಟು" ಎಂಬುದನ್ನು ನೋಡಿ ಪೆನ್ಸಿಲ್ ಎತ್ತಿಕೊಂಡೆ. ಹ ಅಕ್ಷರ ಬರಬೇಕು ಅಲ್ಲಿ. ಅಜ್ಜಿ ಹೇಗೆ ಹೇಳುತ್ತಾರೋ ಹಾಗೇ ಬರೆದಿದ್ದಳು. ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟು ಮುಚ್ಚಿದೆ. ಹಿತ್ತಿಲಲ್ಲಿ ಅತ್ತೆ ಟಾರ್ಚ್ ಹಿಡಿದುಕೊಂಡು ಕೆಂಡಕ್ಕೆ ನೀರು ಹಾಕುತ್ತಿದ್ದರು, ಬೂದಿಯನ್ನು ಕರಿಬೇವಿನ ಬುಡಕ್ಕೆ ಹಾಕಬೇಕೆಂದು ಬೆಳಗ್ಗೆಗೆ ತೆಗೆದಿಡಲು ಮೊಮ್ಮಗಳಿಗೆ ಹೇಳುತ್ತಿದ್ದರು.