ಗೋದಾಮಿಗೆ ಫೋನ್ ಮಾಡಿದರೆ ನಮ್ಮ ಮೇಜೇ ರಿಂಗಾಯಿತು

ನಮ್ಮ ಪಾಲಿಕೆಯ ವಿಪತ್ತು ನಿರ್ವಹಣಾ ಯೋಜನೆಗೆ ನಾಲ್ಕು ಪ್ರತಿಗಳು. ಒಂದು ಆಯುಕ್ತರ ಕೊಠಡಿಯಲ್ಲಿ, ಒಂದು ಡಿಸಿ ಕಚೇರಿಯಲ್ಲಿ, ಒಂದು ಆಡಿಟ್‌ನವರು ಕೇಳಿದರೆ ತೋರಿಸಲಿಕ್ಕೆ. ನಾಲ್ಕನೆಯದು ನನ್ನ ಹತ್ತಿರ. ಅದರ ಮೇಲೆ ಟಿಫಿನ್ ಡಬ್ಬಿ ಇಡುತ್ತಿದ್ದೆ.

ನೋಡಲ್ ಅಧಿಕಾರಿ, ಅಂದರೆ ಈ ಯೋಜನೆಯ ಹೊಣೆ ಹೊತ್ತವನು, ನಾನೇ. ಜೆಇ (ಕಿರಿಯ ಎಂಜಿನಿಯರ್) ಕೆಲಸದ ಜೊತೆಗೆ ಹೆಚ್ಚುವರಿ ಪ್ರಭಾರ, ಹೆಚ್ಚುವರಿ ಸಂಬಳ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಿಷ್ಕರಿಸಬೇಕು. ಅದಕ್ಕೆ ನಮ್ಮ ಭಾಗ ಕಳಿಸಿ ಅಂತ ಏಪ್ರಿಲ್ ಕೊನೆಗೆ ಜ್ಞಾಪನ ಬರುತ್ತದೆ. ಮೇಲೆ ‘ಅತಿ ಜರೂರು’ ಸೀಲು. ಆ ವರ್ಷ ನಾನು ಹಳೇ ಫೈಲ್ ತೆರೆದೆ, ಇಸವಿ ಬದಲಾಯಿಸಿದೆ, ಆಯುಕ್ತರ ಹೆಸರು ಬದಲಾಯಿಸಿದೆ, ಪ್ರಿಂಟ್ ಕೊಟ್ಟೆ. ಹತ್ತು ನಿಮಿಷದ ಕೆಲಸ. ಮುಖಪುಟದಲ್ಲಿ ‘ಪರಿಷ್ಕೃತ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೂ ನಾನೇ.

ಜುಲೈನಲ್ಲಿ ಒಂದು ರಾತ್ರಿ ಕಂಟ್ರೋಲ್ ರೂಂ ಪಾಳಿ ನನ್ನದಿತ್ತು. 12:40ಕ್ಕೆ ರಾಜಕಾಲುವೆ ಪಕ್ಕದ ಬಡಾವಣೆಯಿಂದ ಫೋನ್. “ಸಾರ್, ನೀರು ಹೊಸಿಲು ದಾಟಿದೆ. ಅಜ್ಜಿನ ಮಂಚದ ಮೇಲೆ ಕೂರಿಸಿದೀವಿ. ಮಂಚಕ್ಕೂ ಬರೋ ಥರ ಇದೆ.” ಪಂಪ್ ಕಳಿಸುತ್ತೇನೆ ಅಂದೆ. ಧೈರ್ಯವಾಗಿಯೇ ಅಂದೆ, ಯಾಕೆಂದರೆ ಯೋಜನೆಯ ಅನುಬಂಧ 5ರಲ್ಲಿ ಪಂಪ್ ಗೋದಾಮಿನ ಮೂರು ನಂಬರ್ ಇದ್ದವು.

ಮೊದಲನೆಯದು ಸ್ವಿಚ್ ಆಫ್. ಎರಡನೆಯದು ನನಗಿಂತ ಮೊದಲು ಈ ಪ್ರಭಾರದಲ್ಲಿದ್ದವರದು. ನಿದ್ದೆಗಣ್ಣಲ್ಲಿ ಎತ್ತಿದರು. “ನಾನು ಬೀದರ್‌ಗೆ ಬಂದು ಎರಡು ವರ್ಷ ಆಯ್ತಲ್ರೀ. ಚಾರ್ಜ್ ನಿಮಗೇ ಕೊಟ್ಟಿದ್ದೆ, ಅಲ್ವಾ?” ಇಟ್ಟುಬಿಟ್ಟರು. ಮೂರನೆಯದು ಲ್ಯಾಂಡ್‌ಲೈನ್. ಹಾಕಿದೆ. ನನ್ನ ಪಕ್ಕದ ಮೇಜಿನ ಫೋನ್ ಹೊಡೆದುಕೊಳ್ಳತೊಡಗಿತು. ಆಪರೇಟರ್ ಎತ್ತಿ, “ಪಾಲಿಕೆ ಕಂಟ್ರೋಲ್ ರೂಂ, ಹೇಳಿ ಸಾರ್” ಅಂದ. ನಾನು, “ಹಲೋ, ಗೋದಾಮಾ?” ಅಂದೆ. ನನ್ನ ದನಿ ನನಗೆ ಎರಡೆರಡು ಸಲ ಕೇಳಿತು. ಇಬ್ಬರೂ ರಿಸೀವರ್ ಹಿಡಿದುಕೊಂಡೇ ಮುಖ ಮುಖ ನೋಡಿದೆವು. ಗೋದಾಮಿನ ಲೈನನ್ನು ಯಾವತ್ತೋ ಕಂಟ್ರೋಲ್ ರೂಂಗೆ ವರ್ಗಾಯಿಸಿದ್ದರು. ಯೋಜನೆಗೆ ಅದನ್ನು ಯಾರೂ ಹೇಳಿರಲಿಲ್ಲ. ಯಾರೂ ಅಂದರೆ ನಾನು.

ಆಮೇಲೆ ಒಂದಿಪ್ಪತ್ತು ನಿಮಿಷ ಏನು ಮಾಡಿದೆ ಅಂತ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಗೋದಾಮಿನ ಕೀ ಹುಡುಕುತ್ತಾ ಕೂತಿದ್ದೆ. ಡ್ರಾಯರ್, ಬೀರು, ವಾಟ್ಸಾಪ್ ಗ್ರೂಪ್. ಗ್ರೂಪಿನಲ್ಲಿ ಒಬ್ಬರು ಹೆಬ್ಬೆಟ್ಟು ಎತ್ತಿದ ಇಮೋಜಿ ಹಾಕಿದರು. ಕೊನೆಗೆ ಪೌರಕಾರ್ಮಿಕರ ಮೇಸ್ತ್ರಿಗೆ ಫೋನ್ ಮಾಡಿದೆ. ಅವರ ನಂಬರ್ ಯೋಜನೆಯಲ್ಲೇ ಇರಲಿಲ್ಲ. “ಕೀ ಯಾಕೆ ಸಾರ್, ಹಾರೆ ಇದೆಯಲ್ಲ” ಅಂದವರೇ ಹೋಗಿ ಬೀಗ ಮೀಟಿದರು. ಎರಡು ಪಂಪ್‌ಗಳಲ್ಲಿ ಒಂದಕ್ಕೆ ಡೀಸೆಲ್ ಇರಲಿಲ್ಲ.

ಅಷ್ಟರಲ್ಲಿ ಹುಡುಗರು ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಪಕ್ಕದ ಮನೆಯ ಮಹಡಿಗೆ ಸೇರಿಸಿದ್ದರು. ಯೋಜನೆಯಲ್ಲಿ ಕಾಳಜಿ ಕೇಂದ್ರ (ಸಂತ್ರಸ್ತರು ತಂಗುವ ಜಾಗ) ಅಂತ ಗುರುತಿಸಿದ್ದ ಕಲ್ಯಾಣ ಮಂಟಪ ಖಾಲಿ ಇತ್ತು. ಅದು ಆಷಾಢದ ಪುಣ್ಯ, ನನ್ನದಲ್ಲ.

ಆ ಅವಮಾನದಲ್ಲಿ ಇನ್ನೊಂದು ತಪ್ಪು ಮಾಡಿದೆ. ಕಾಲುವೆಯುದ್ದಕ್ಕೂ ಆರ್‌ಸಿಸಿ ಗೋಡೆ ಅಂತ ದೊಡ್ಡ ಅಂದಾಜುಪಟ್ಟಿ ಮಾಡಿ ವಿಪತ್ತು ಉಪಶಮನ ನಿಧಿಗೆ ಕಳಿಸಿದೆ. ವಾಪಸ್ ಬಂತು. 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಹಣವನ್ನು ಎರಡು ಪಾಲು ಮಾಡಿತ್ತು. ನೂರಕ್ಕೆ 80 ಎಸ್‌ಡಿಆರ್‌ಎಫ್‌ಗೆ, ಅಂದರೆ ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಗೆ. ಪರಿಹಾರ, ಮರುನಿರ್ಮಾಣ, ಸಿದ್ಧತೆ ಎಲ್ಲ ಅದರಲ್ಲಿ. ಮಳೆಗೆ ಮುಂಚೆಯೇ ಅಪಾಯ ತಗ್ಗಿಸುವ ಎಸ್‌ಡಿಎಂಎಫ್‌ಗೆ, ಅಂದರೆ ನಾನು ಕಳಿಸಿದ್ದ ಆ ಉಪಶಮನ ನಿಧಿಗೆ, ಉಳಿದ 20. ಅದೂ ಸ್ಥಳೀಯ ಮಟ್ಟದ ಕೆಲಸಗಳಿಗೆ. ಪ್ರವಾಹ ತಡೆಯುವ ದೊಡ್ಡ ಕಟ್ಟೆ, ಗೋಡೆಗಳನ್ನು ಮಾಮೂಲಿ ಅಭಿವೃದ್ಧಿ ಯೋಜನೆಗಳಲ್ಲೇ ಮಾಡಿಕೊಳ್ಳಿ ಅಂತ ಆಯೋಗವೇ ಹೇಳಿತ್ತು. ಓದದೆ ಕಳಿಸಿದ್ದೆ. “ಗೋಡೆ ಬೇಕಾದರೆ ನಗರೋತ್ಥಾನದಲ್ಲಿ ಕೇಳಿ” ಅಂತ ರಾಜ್ಯದ ನಗರಾಭಿವೃದ್ಧಿ ಯೋಜನೆಯ ಹೆಸರು ಹೇಳಿದರು ನಮ್ಮ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ತಲೆ ಎತ್ತದೆ. ನಗರ ಪ್ರವಾಹಕ್ಕೆ ಅಂತಲೇ ಆಯೋಗ ಬೆಂಗಳೂರಿಗೆ 250 ಕೋಟಿ, ಚೆನ್ನೈ, ಮುಂಬೈ, ಕೋಲ್ಕತ್ತಕ್ಕೆ ತಲಾ 500 ಕೋಟಿ ಹೇಳಿತ್ತು. ಏಳು ಊರುಗಳ ಆ ಪಟ್ಟಿಯಲ್ಲಿ ನಾವಿಲ್ಲ. ನಮ್ಮಂಥವರು ಪಾಲಿಕೆ ನಿಧಿ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ ಅನುದಾನ) ಅಂತ ಅಲ್ಲಿಂದಿಲ್ಲಿಂದ ಕೂಡಿಸಿಕೊಳ್ಳಬೇಕು.

ಎರಡನೇ ಸಲ ಸಣ್ಣದು ಕಳಿಸಿದೆ. ಸೇತುವೆ ಕಂಬಕ್ಕೆ ನೀರಿನ ಮಟ್ಟದ ಅಳತೆಪಟ್ಟಿ, ಒಂದು ಸೈರನ್, ಎರಡು ಕಡೆ ಕಸ ತಡೆಯುವ ಜಾಲರಿ. ಕಡತ ಓಡಾಡುತ್ತಿದೆ.

ಆದರೆ ಯೋಜನೆಯ ಪುಸ್ತಕವನ್ನೇ ಸರಿಯಾಗಿ ಇಟ್ಟುಕೊಳ್ಳಲು ನಮ್ಮ ಬಜೆಟ್‌ನಲ್ಲಿ ಒಂದು ಲೆಕ್ಕ ಶೀರ್ಷಿಕೆಯೂ ಇಲ್ಲ. ಜೆರಾಕ್ಸ್ ಖರ್ಚು ಕಚೇರಿ ವೆಚ್ಚದಲ್ಲಿ ಸೇರುತ್ತದೆ. ವಿಪತ್ತು ಕಾಯ್ದೆಯ 2025ರ ತಿದ್ದುಪಡಿಯಂತೆ ಪಾಲಿಕೆ ಇರುವ ಊರುಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಬಹುದಂತೆ. ಆಗಲಿ. ಅದಕ್ಕೂ ನನ್ನನ್ನೇ ಹೆಚ್ಚುವರಿ ಪ್ರಭಾರ ಮಾಡದಿದ್ದರೆ ಸಾಕು.

ಈಗ ಮೇ ತಿಂಗಳಲ್ಲಿ ಎರಡು ಮಧ್ಯಾಹ್ನ ಕೂತು ಅನುಬಂಧದ ಪ್ರತಿ ನಂಬರಿಗೂ ನಾನೇ ಫೋನ್ ಮಾಡುತ್ತೇನೆ. ಮೇಸ್ತ್ರಿಯ ನಂಬರ್ ಎಲ್ಲರಿಗಿಂತ ಮೇಲಿದೆ. ಮೊದಲ ವರ್ಷ ಸುಮ್ನೆ ಪರೀಕ್ಷೆಗೆ ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: “ಹಾರೆ ತರಲಾ ಸಾರ್?” ಬೇಡ ಅಂದೆ, ಹೊಸ ಬೀಗದ ಒಂದು ಕೀ ಅವರ ಹತ್ತಿರವೇ ಇದೆ. ಆ ಬೀಗ ನಾನೇ ಕೊಂಡದ್ದು. ಬಿಲ್ ಕೊಟ್ಟರೆ ಲೆಕ್ಕ ಶಾಖೆಯವರು ಮೂರು ದರಪಟ್ಟಿ ಕೇಳಿದರು.